ಇಂಡೋನೇಷ್ಯಾದ ಕುಗ್ರಾಮದಲ್ಲಿ ಒಂದು ವರ್ಷ ಇರಲು ಆಗುತ್ತದೆಯೇ?

ಸುಂಬಾ ದ್ವೀಪದ ಒಳನಾಡಿನಲ್ಲಿ ಒಂದು ವರ್ಷದ ಕೆಲಸ ಸಿಕ್ಕಿದೆ, ಕರೆಂಟು, ನಲ್ಲಿ ನೀರು, ಸಸ್ಯಾಹಾರ ಯಾವುದರ ಖಾತ್ರಿಯೂ ಇಲ್ಲದೆ ಇರಬಹುದೇ ಎಂದು ಕೇಳಿದ್ದೀರಿ. 2017ರಲ್ಲಿ ನಾನೂ ಇದೇ ಪಟ್ಟಿ ಬರೆದಿಟ್ಟುಕೊಂಡಿದ್ದೆ. ಅದರಲ್ಲಿದ್ದ ಯಾವುದೂ ನನ್ನನ್ನು ಸೋಲಿಸಲಿಲ್ಲ. ಸೋಲಿಸಿದ್ದು ಒಂದು ಹೋಳು ಅಡಿಕೆ.

ನಾನು ಶಿರಸಿ ಕಡೆಯವನು. ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಕವಳದ, ಅಂದರೆ ಎಲೆಯಡಿಕೆಯ, ಬಟ್ಟಲಿನ ಪಕ್ಕದಲ್ಲಿ ಬೆಳೆದವನು. ಮಾಡುತ್ತಿದ್ದದ್ದು ಸೌರ ಪಂಪುಗಳ ಕೆಲಸ. ಅದೇ ನನ್ನನ್ನು ಪೂರ್ವ ಸುಂಬಾಕ್ಕೆ ಕರೆದೊಯ್ದಿತು. ಬಾಲಿಯಿಂದ ವೈಂಗಾಪು ಪಟ್ಟಣಕ್ಕೆ ವಿಮಾನ, ಅಲ್ಲಿಂದ ಹಲಗೆ ಜೋಡಿಸಿದ ಲಾರಿಯ ಹಿಂಬದಿಯಲ್ಲಿ ಅಕ್ಕಿಮೂಟೆ, ಹಂದಿಮರಿಗಳ ಜೊತೆ ಅರ್ಧ ದಿನ. ಜುಲೈ ತಿಂಗಳಾದರೂ ಹಸಿರೆಂಬುದಿಲ್ಲ, ಕಣ್ಣು ಹಾಯುವಷ್ಟು ದೂರ ಒಣಹುಲ್ಲಿನ ಗುಡ್ಡ, ನಡುವೆ ಮೇಯುವ ಕುದುರೆಗಳು. ಅಲ್ಲಿ ಮಳೆ ಎಂದರೆ ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಷ್ಟೇ.

ಹಳೆಯ ಹಳ್ಳಿಗಳೆಲ್ಲ ಗುಡ್ಡದ ನೆತ್ತಿಯ ಮೇಲಿವೆ. ಕುಲಗಳ ನಡುವೆ ಕಾಳಗ ನಡೆಯುತ್ತಿದ್ದ ಕಾಲದಲ್ಲಿ ಎತ್ತರವೇ ಕಾವಲು. ಆದರೆ ನೀರು ಕಣಿವೆಯಲ್ಲಿದೆ. ನಾನಿದ್ದ ಊರಿನಲ್ಲಿ ಹೆಂಗಸರು, ಮಕ್ಕಳು ದಿನಕ್ಕೆ ಎರಡು ಸಲ ಇಳಿದು, ಜೆರಿಕ್ಯಾನ್ ಹೊತ್ತು ಹತ್ತುತ್ತಿದ್ದರು. ಆ ಒರತೆಯ ನೀರನ್ನು ಮೇಲಿನ ತೊಟ್ಟಿಗೆ ಏರಿಸುವುದೇ ನನ್ನ ಕೆಲಸ. ಅಕ್ಟೋಬರ್ ಮುಗಿಯುವುದರೊಳಗೆ ಮುಗಿಸುತ್ತೇನೆ ಎಂದು ಲೆಕ್ಕ ಹಾಕಿದ್ದೆ.

ಮೊದಲ ದಿನ ಗ್ರಾಮದ ಮುಖ್ಯಸ್ಥರ ಪುಸ್ತಕದಲ್ಲಿ ಹೆಸರು ಬರೆಸಿದೆ. ಅವರನ್ನು 'ಕೆಪಾಲಾ ದೇಸಾ' ಎನ್ನುತ್ತಾರೆ. ನಮ್ಮ ಕಪಾಲ, ನಮ್ಮ ದೇಶ ಎರಡೂ ಅಲ್ಲಿಗೆ ಹೋಗಿ ತಲೆಯಾಳು, ಹಳ್ಳಿ ಎಂಬ ಅರ್ಥದಲ್ಲಿ ನೆಲೆಸಿವೆ, ಕೇಳಿ ಹಿಗ್ಗಿದ್ದೆ. ಆಮೇಲೆ ಒರತೆಯ ಒಡೆತನವಿದ್ದ ಕುಲದ ಹಿರಿಯರ ಮನೆಗೆ ಕರೆದೊಯ್ದರು. ಕೆಳಗೆ ಹಂದಿಗಳು, ನಡುವೆ ಮನುಷ್ಯರು, ಮೇಲೆ ಗೋಪುರದಂತೆ ಏರಿದ ಹುಲ್ಲಿನ ಚಾವಣಿಯೊಳಗೆ ಮರಾಪು, ಅಂದರೆ ಹಿರಿಯರ ಆತ್ಮಗಳು. ಜಗುಲಿಯಲ್ಲಿ ಕೂತೆವು. ಮನೆಯ ಅಜ್ಜಿ ಚಪ್ಪಟೆಯಾದ ಹೆಣೆದ ಬುಟ್ಟಿಯೊಂದನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದರು. ಒಣಗಿದ ಅಡಿಕೆ ಹೋಳುಗಳು, ಸುಣ್ಣದ ಪುಡಿ, ಹಿಪ್ಪಲಿಯಂತೆ ಕಾಣುವ ಹಸಿರು ಕಾಯಿ. ಅಲ್ಲಿ ವೀಳ್ಯದೆಲೆಗಿಂತ ಬಳ್ಳಿಯ ಆ ಕಾಯಿಗೇ ಬೆಲೆ. ಅದನ್ನು ಸುಣ್ಣಕ್ಕೆ ಅದ್ದಿ ಅಡಿಕೆಯೊಂದಿಗೆ ಜಗಿಯುತ್ತಾರೆ. ಸಿರಿಹ್ ಪಿನಾಂಗ್ ಎನ್ನುತ್ತಾರೆ.

ನಾನು ಬೇಡ ಎಂದೆ. ಕೈಯನ್ನೂ ಚಾಚಲಿಲ್ಲ.

ಕಾರಣವಿತ್ತು. ನನ್ನ ಸೋದರಮಾವ ಬಾಯಿ ಕ್ಯಾನ್ಸರಿನಿಂದ ದವಡೆ ಕತ್ತರಿಸಿಕೊಂಡು ಎರಡು ವರ್ಷ ನರಳಿ ಹೋದವರು. ಅಡಿಕೆ ಬಾಯಿಗೆ ಹಾಕುವುದಿಲ್ಲ ಎಂದು ಅಂದೇ ನಿರ್ಧರಿಸಿದ್ದೆ. ಆ ನಿರ್ಧಾರ ಸರಿಯಾಗಿತ್ತು, ಇಂದಿಗೂ ಜಗಿಯುವುದಿಲ್ಲ. ಆದರೆ ನಾನು ಬೇಡವೆಂದು ಸುಮ್ಮನಾಗಲಿಲ್ಲ. ಅದು ಆರೋಗ್ಯಕ್ಕೆ ಕೆಟ್ಟದ್ದು ಎಂದು ಜೊತೆಗಿದ್ದ ಹುಡುಗನ ಮೂಲಕ ಆ ಅಜ್ಜಿಗೆ ವಿವರಿಸಿದೆ. ಅವನು ಅರ್ಧ ಅನುವಾದಿಸಿ ನಿಲ್ಲಿಸಿದ. ಅಜ್ಜಿ ಬುಟ್ಟಿಯನ್ನು ಒಂದು ಕ್ಷಣ ಹಾಗೆಯೇ ಹಿಡಿದಿದ್ದು, ಮೆಲ್ಲನೆ ಮಡಿಲಿಗೆ ಎಳೆದುಕೊಂಡರು.

ಈ ತಪ್ಪನ್ನು ನಾನು ಸಾವಿರ ಸಲ ಬಿಡಿಸಿ ನೋಡಿದ್ದೇನೆ. ಜಗಿಯದಿದ್ದದ್ದು ತಪ್ಪಲ್ಲ. ಒಂದು ಹೋಳು ಕೈಯಲ್ಲಿ ತೆಗೆದುಕೊಂಡು, ಆಮೇಲೆ ಹಾಕಿಕೊಳ್ಳುತ್ತೇನೆ ಎಂದು ಜೇಬಿಗಿಟ್ಟಿದ್ದರೆ ಸಾಕಾಗಿತ್ತು, ಅಲ್ಲಿ ಅದಕ್ಕೆ ಯಾರೂ ಬೇಸರಪಡುವುದಿಲ್ಲ. ಅದನ್ನು ಕೊಟ್ಟು, ತೆಗೆದುಕೊಂಡ ಮೇಲೆಯೇ ಮಾತು. ಬೇರೆ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿಯಬೇಕಿತ್ತು. ನಮ್ಮಲ್ಲಿ ಯುದ್ಧಕ್ಕೆ ರಣವೀಳ್ಯ, ಮದುವೆಗೆ ನಿಶ್ಚಯ ತಾಂಬೂಲ, ಯಕ್ಷಗಾನದ ಮೇಳಕ್ಕೂ ವೀಳ್ಯ ಕೊಟ್ಟೇ ಆಟ ಗೊತ್ತು ಮಾಡುವುದು. ವೀಳ್ಯ ಹಿಡಿದವನು ಕೆಲಸ ಒಪ್ಪಿಕೊಂಡವನು. ಅವರ ಮನೆಯಲ್ಲಿ, ಅವರ ಹಿರಿಯರ ನೆರಳಿನಡಿ ವೀಳ್ಯ ನಿರಾಕರಿಸಿ, ನಿಮ್ಮ ಒರತೆಯನ್ನು ಅಗೆಯುತ್ತೇನೆ ಎಂದು ಹೇಳಿದ ಮನುಷ್ಯ ನಾನು.

ಯಾರೂ ಬೈಯಲಿಲ್ಲ. ಕಾಲುವೆ ತೋಡಲು ಜನ ಯಾವಾಗ ಬರುತ್ತಾರೆ ಎಂದರೆ 'ಬೇಸೊ', ನಾಳೆ. ಆಗಸ್ಟ್ ಹೋಯಿತು, ಸೆಪ್ಟೆಂಬರ್ ಹೋಯಿತು. ಹಳ್ಳಿಯವರು ಸಹಕರಿಸುತ್ತಿಲ್ಲ ಎಂದು ಕಚೇರಿಗೆ ವರದಿ ಬರೆದೆ. ಆ ವಾಕ್ಯವನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಒರತೆಯ ನೆಲಕ್ಕೆ ಗುದ್ದಲಿ ಹಾಕುವ ಮೊದಲು ಮರಾಪುವಿನ ಅಪ್ಪಣೆ ಕೇಳಬೇಕು, ಕೋಳಿ ಕೊಯ್ದು ಅದರ ಕರುಳು ನೋಡಬೇಕು. ನನ್ನ ಪರವಾಗಿ ಕೇಳುವವರೇ ಇರಲಿಲ್ಲ.

ನವೆಂಬರಿನಲ್ಲಿ ನಾನು ತಂಗಿದ್ದ ಮನೆಯ ಐದನೇ ತರಗತಿಯ ಹುಡುಗಿ ಬೆಳಗಿನ ಕತ್ತಲಲ್ಲಿ ನೀರಿಗೆ ಇಳಿದು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಆರೋಗ್ಯ ಕೇಂದ್ರ ಮುಟ್ಟಲು ಮೂರು ಗಂಟೆ ಬೇಕಾಯಿತು. ಅವಳು ಅಳಲಿಲ್ಲ. ಜೆರಿಕ್ಯಾನ್ ಅಲ್ಲೇ ಬಿಟ್ಟು ಬಂದೆ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ನಾನು ಲೆಕ್ಕ ಹಾಕಿದ ದಿನಕ್ಕೆ ಪಂಪು ಓಡಿದ್ದರೆ ಅವಳು ಆ ಹೊತ್ತಿನಲ್ಲಿ ಮಲಗಿರುತ್ತಿದ್ದಳು.

ಆ ವಾರವೇ ಅಲ್ಲಿನ ಶಾಲೆಯ ಮೇಷ್ಟರು, ಫ್ಲೋರೆಸ್ ದ್ವೀಪದವರು, ನನ್ನನ್ನು ಕೂರಿಸಿಕೊಂಡು ವಿಷಯ ಹೇಳಿದರು. ಅಡಿಕೆ, ಕಾಯಿ, ಸುಣ್ಣ ಕೊಂಡು ಅಜ್ಜಿಯ ಮುಂದೆ ಇಟ್ಟೆ. ಅವರು ಅದರಿಂದಲೇ ಒಂದು ಹೋಳು ಆರಿಸಿ ನನ್ನ ಅಂಗೈಗೆ ಹಾಕಿದರು. ಹತ್ತು ದಿನದೊಳಗೆ ಕೋಳಿಯೂ ಆಯಿತು, ಅಪ್ಪಣೆಯೂ ಸಿಕ್ಕಿತು. ಅಷ್ಟರಲ್ಲಿ ಮಳೆ ಇಳಿಯಿತು, ಹೊಳೆ ದಾಟುವ ದಾರಿ ಕಡಿದುಹೋಯಿತು, ಕೊಳವೆಗಳು ಏಪ್ರಿಲ್‌ವರೆಗೆ ವೈಂಗಾಪುವಿನ ಗೋದಾಮಿನಲ್ಲಿ ಉಳಿದವು. ನೀರು ಗುಡ್ಡ ಹತ್ತಿದ್ದು ಜೂನ್‌ನಲ್ಲಿ.

ನಿಮ್ಮ ಪಟ್ಟಿಗೆ ಬರುತ್ತೇನೆ. ರಾತ್ರಿ ಸೌರ ದೀಪವಿರುತ್ತದೆ. ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಅನ್ನ, ಮೆಕ್ಕೆಜೋಳ ಬೆರೆಸಿದ ಅನ್ನ, ಮರಗೆಣಸಿನ ಎಲೆ, ಪಪ್ಪಾಯಿ ಹೂವಿನ ಪಲ್ಯ ಸಿಗುತ್ತದೆ. ಮಾಂಸ ತಿನ್ನುವುದಿಲ್ಲ ಎಂದು ಮೊದಲೇ ತಿಳಿಸಿ, ಇಲ್ಲವಾದರೆ ನಿಮಗಾಗಿ ಅವರ ಒಂದೇ ಕೋಳಿ ಹೋಗುತ್ತದೆ. ಜನವರಿ, ಫೆಬ್ರುವರಿ ಹಸಿವಿನ ತಿಂಗಳುಗಳು. ಹೊಸ ಮೆಕ್ಕೆಜೋಳ ಬರುವ ತನಕ ಕೆಲವರು 'ಇವಿ' ಎಂಬ ವಿಷದ ಕಾಡುಗೆಣಸನ್ನು ಹೆಚ್ಚಿ, ದಿನಗಟ್ಟಲೆ ನೀರಿನಲ್ಲಿ ನೆನೆಸಿ, ವಿಷ ತೆಗೆದು ತಿನ್ನುತ್ತಾರೆ. ಆ ದಿನಗಳಲ್ಲಿ ಬಾಗಿಲು ಹಾಕಿಕೊಂಡು ನಿಮ್ಮ ಉಪ್ಪಿಟ್ಟು ಪ್ಯಾಕೆಟ್ ಬಿಚ್ಚಬೇಡಿ. ಮಲೇರಿಯಾ ಖಂಡಿತ ಇದೆ. ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಬಂದರೆ ಜ್ವರ ಬಿಟ್ಟ ಮೇಲೂ ಅದು ಯಕೃತ್ತಿನಲ್ಲಿ ಅಡಗಿರುತ್ತದೆ; ಅದನ್ನು ಕೊಲ್ಲಲು ವೈದ್ಯರು ಕೊಟ್ಟ ಪ್ರೈಮಾಕ್ವಿನ್ ಮಾತ್ರೆಯ ಕೋರ್ಸನ್ನು ಪೂರ್ತಿ ಮುಗಿಸಿ, ಅದಕ್ಕೂ ಮೊದಲು ಆ ಮಾತ್ರೆ ನಿಮ್ಮ ರಕ್ತಕ್ಕೆ ಒಗ್ಗುತ್ತದೆಯೇ ಎಂದು ತಿಳಿಸುವ ಜಿ6ಪಿಡಿ ರಕ್ತಪರೀಕ್ಷೆ ಮಾಡಿಸಿ.

ಮೂರು ತಿಂಗಳು ನೋಡಿ ಹಿಂದಿರುಗುತ್ತೇನೆ ಎನ್ನುವುದಾದರೆ ದಯವಿಟ್ಟು ಹೋಗಬೇಡಿ, ಮೂರು ತಿಂಗಳು ನಿಮ್ಮನ್ನು ಸಾಕುವ ಹೊರೆ ಆ ಮನೆಗೆ. ನೀವು ಇರಬಲ್ಲಿರೇ ಎಂಬುದಕ್ಕಿಂತ ಅವರು ನಿಮ್ಮನ್ನು ಹೇಗೆ ಇರಿಸಿಕೊಳ್ಳುತ್ತಾರೆ ಎಂದು ಕೇಳಿ. ಇಲ್ಲಿಂದಲೇ ಎರಡು ತಿಂಗಳು ಇಂಡೋನೇಷ್ಯಾ ಭಾಷೆ ಕಲಿಯಿರಿ. ಮನೆಯೊಳಗೆ ಅವರು ಕಂಬೇರಾ ಭಾಷೆ ಆಡುತ್ತಾರೆ, ಅದು ಅಲ್ಲಿ ಹೋದ ಮೇಲೆ ಬರುತ್ತದೆ. ವೈಂಗಾಪುವಿನಲ್ಲಿ ಲಾರಿ ಹತ್ತುವ ಮೊದಲು ಮಾರುಕಟ್ಟೆಗೆ ಹೋಗಿ. ಅಡಿಕೆ ಮತ್ತು ಕಾಯಿಯನ್ನು ಸಣ್ಣ ಗುಡ್ಡೆ ಮಾಡಿ ಮಾರುತ್ತಾರೆ, ಸುಣ್ಣ ಬೇರೆ ಪೊಟ್ಟಣದಲ್ಲಿ. ಹತ್ತು ಮನೆಗಾಗುವಷ್ಟು ತೆಗೆದುಕೊಳ್ಳಿ. ಕಾಯಿ ಬೇಗ ಬಾಡುತ್ತದೆ, ಒದ್ದೆ ಬಟ್ಟೆಯಲ್ಲಿ ಸುತ್ತಿಡಿ.