ಸಂಗೀತ ಕಛೇರಿ ಒಂದೇ ದಾರಿಯಲ್ಲ

ಮಗಳು ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆ ಮುಗಿಸಿದ್ದಾಳೆ, ಮುಂದೆ ಹಾಡನ್ನೇ ನಂಬಿಕೊಂಡರೆ ಕಛೇರಿ ಬಿಟ್ಟು ಬೇರೆ ದಾರಿ ಇದೆಯಾ ಅಂತ ಕೇಳಿದ್ದೀರಿ. ಖಂಡಿತ ಇದೆ. ನಮ್ಮ ಮೈಸೂರು ವಾಸುದೇವಾಚಾರ್ಯರನ್ನೇ (1865–1961) ನೋಡಿ. ಅರಮನೆಯ ಸಹಾಯದಿಂದ ತಿರುವಯ್ಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಹತ್ತಿರ ಕಲಿತರು, ಆಸ್ಥಾನ ವಿದ್ವಾಂಸರಾದರು, ಕೃತಿ ರಚಿಸಿದರು, ತಾವು ಕಂಡ ಕಲಾವಿದರ ಬಗ್ಗೆ ಕನ್ನಡದಲ್ಲಿ ಪುಸ್ತಕ ಬರೆದರು, ಇಳಿವಯಸ್ಸಿನಲ್ಲಿ ಮದ್ರಾಸಿನ ನೃತ್ಯ-ಸಂಗೀತ ಶಾಲೆ ಕಲಾಕ್ಷೇತ್ರಕ್ಕೆ ಹೋಗಿ ಪಾಠ ಹೇಳುತ್ತಾ ರಾಮಾಯಣದ ನೃತ್ಯನಾಟಕಗಳಿಗೆ ಸಂಗೀತವನ್ನೂ ಕೊಟ್ಟರು. ಒಬ್ಬರೇ ಇಷ್ಟೆಲ್ಲ!

ಈಗಿನ ಮಾತಿಗೆ ಬಂದರೆ, ಮೊದಲು ಸೀನಿಯರ್, ವಿದ್ವತ್ ಪರೀಕ್ಷೆಗಳನ್ನೂ ಮುಗಿಸಲಿ. ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ಇಲ್ಲೇ ಮೈಸೂರಲ್ಲಿದೆ ಅಲ್ವಾ. ಆಮೇಲೆ ಆಕಾಶವಾಣಿ ಆಡಿಷನ್, ಪಾಠ, ಭರತನಾಟ್ಯಕ್ಕೆ ಹಾಡುವುದು. ನೃತ್ಯಕ್ಕೆ ಹಾಡುವುದು ಕಡಿಮೆ ಕೆಲಸ ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಕುಣಿಯುವವರ ಅಭಿನಯ ನೋಡಿಕೊಂಡು ಒಂದೇ ಸಾಲನ್ನು ಹತ್ತು ಥರ ಹಾಡಬೇಕು, ತಾಳ ಒಂಚೂರೂ ಅಲುಗಾಡಬಾರದು. ಅದು ಸುಮ್ನೆ ಬರಲ್ಲ.

ವರ್ಣ (ಕಛೇರಿಯ ಶುರುವಿನಲ್ಲಿ ಹಾಡುವ ಅಭ್ಯಾಸದ ರಚನೆ) ಎರಡು ಕಾಲದಲ್ಲೂ, ಅಂದರೆ ನಿಧಾನ ಮತ್ತು ಅದರ ದುಪ್ಪಟ್ಟು ವೇಗದಲ್ಲೂ, ಗಟ್ಟಿಯಾಗುವ ತನಕ ವೇದಿಕೆಗೆ ಅವಸರ ಬೇಡ. ಕೇಳುವುದು ಜಾಸ್ತಿಯಾಗಲಿ. ಗಣಪತಿ ಹಬ್ಬಕ್ಕೆ ವಿ.ವಿ. ಮೊಹಲ್ಲಾ 8ನೇ ಕ್ರಾಸಿನ ಕಛೇರಿಗಳಿಗೆ ದಿನಾ ಕರೆದುಕೊಂಡು ಹೋಗಿ, ಮುಂದಿನ ಸಾಲಲ್ಲೇ ಕೂರಿಸಿ.