ತೆರೆಯ ಮೇಲೆ ನಮ್ಮದೊಂದು ರೂಪ ತೊಟ್ಟು ಓಡಾಡುವ, ಬೇರೆಯವರ ಜೊತೆ ಮಾತಾಡುವ ಸೆಕೆಂಡ್ ಲೈಫ್‌ನಂಥ ಆನ್‌ಲೈನ್ ಲೋಕಗಳ ಮೇಲಿನ ಆಸಕ್ತಿ ಯಾಕೆ ಒಂದು ಮಟ್ಟಕ್ಕೆ ನಿಂತುಬಿಡುತ್ತದೆ?

ಹೊಸಬರು ಬರುತ್ತಲೇ ಇರುತ್ತಾರೆ. ಆದರೆ ಹೆಚ್ಚುಕಮ್ಮಿ ಬಂದಷ್ಟೇ ಜನ ಹೊರಟೂ ಹೋಗುತ್ತಾರೆ, ಅದಕ್ಕೇ ಲೆಕ್ಕ ಮೇಲೇರುವುದಿಲ್ಲ.

ಯಾಕೆ ಹೋಗುತ್ತಾರೆ? ಜನ ಅಲ್ಲಿಗೆ ಬರುವುದೇ ಜನರಿಗಾಗಿ. ಸೆಕೆಂಡ್ ಲೈಫ್ ಶುರುವಾಗಿದ್ದು 2003ರಲ್ಲಿ. 2007ರಲ್ಲಿ ಸ್ವೀಡನ್ ಅಲ್ಲೊಂದು ರಾಯಭಾರ ಕಚೇರಿಯನ್ನೇ ತೆರೆದಿತ್ತು, ಅಷ್ಟು ಸದ್ದು ಮಾಡಿತ್ತು ಅದು. ಆದರೆ ಜಾಗ ಜಾಸ್ತಿಯಾದಷ್ಟೂ ಜನ ಚದುರಿದರು. ಹೊಸಬರು ಒಳಗೆ ಕಾಲಿಟ್ಟರೆ ಥಳಥಳಿಸುವ ಅಂಗಡಿ ಇದೆ, ಡ್ಯಾನ್ಸ್ ಹಾಲ್‌ನಲ್ಲಿ ದೀಪ ಮಿನುಗುತ್ತಿದೆ, ಮಾತಾಡಿಸಲು ಮಾತ್ರ ಒಬ್ಬರೂ ಇಲ್ಲ. ಜಾತ್ರೆ ಮುಗಿದ ಮಾರನೇ ದಿನದ ಬಯಲಿನ ಹಾಗೆ. ಹತ್ತು ನಿಮಿಷ ಸುಮ್ನೆ ಸುತ್ತಿ ಹೊರಡುತ್ತಾರೆ, ಅಲ್ವಾ?

ಗೆಳೆಯರು ಸಿಕ್ಕವರು ವರ್ಷಗಟ್ಟಲೆ ಉಳಿಯುತ್ತಾರೆ. ಲೆಕ್ಕ ಏರದಿರುವುದನ್ನು ಸೋಲು ಅನ್ನಲು ನನಗೆ ಮನಸ್ಸಿಲ್ಲ. ಆ ಲೋಕ ಇಷ್ಟು ವರ್ಷ ನಡೆದಿದ್ದು ಅವರಿಂದಲೇ.