ಟೀಚರ್ ಸೊಂಟದಲ್ಲಿ ಗನ್ ಇರಬೇಕಾ?

ಪ್ರಶ್ನೆ: ಮೇಡಂ, ನಾವು ಅಮೆರಿಕದ ಓಹಾಯೋದಲ್ಲಿ, ಕೊಲಂಬಸ್‌ನಿಂದ ಮುಕ್ಕಾಲು ಗಂಟೆ ದೂರದ ಸಣ್ಣ ಊರಲ್ಲಿದ್ದೇವೆ. ಮಗ ಒಂದನೇ ಕ್ಲಾಸು. ಕೆಲವು ಟೀಚರ್‌ಗಳಿಗೆ ಶಾಲೆಯೊಳಗೆ ಗನ್ ಇಟ್ಟುಕೊಳ್ಳಲು ಅನುಮತಿ ಕೊಡಬೇಕಾ ಅಂತ ಇಲ್ಲಿನ ಶಾಲೆಗಳನ್ನು ನಡೆಸುವ ಸ್ಕೂಲ್ ಬೋರ್ಡ್ ಮುಂದಿನ ತಿಂಗಳು ತೀರ್ಮಾನ ಮಾಡುತ್ತದಂತೆ. ನಮ್ಮ ಯಜಮಾನರು, "ಪೊಲೀಸರು ಬರೋಕೆ ಇಪ್ಪತ್ತು ನಿಮಿಷ ಬೇಕು. ಅಲ್ಲೀವರೆಗೆ ಮಕ್ಕಳನ್ನ ಕಾಯೋರು ಯಾರು?" ಅಂತಾರೆ. ನನಗೆ ಗನ್ ಅಂದರೇ ಭಯ. ಹಾಸನದಿಂದ ಅತ್ತೆ ದಿನಾ ಫೋನ್ ಮಾಡಿ ಊರಿಗೆ ಬಂದುಬಿಡಿ ಅಂತಾರೆ. ಮೊನ್ನೆ ಮಗನೇ ಕೇಳಿದ, "ಅಮ್ಮಾ, ನಮ್ಮ ಟೀಚರ್ ಹತ್ರ ಗನ್ ಇರುತ್ತಾ?" ಏನು ಹೇಳಲಿ? ಬೋರ್ಡಿನವರಿಗೆ ಏನು ಹೇಳಲಿ?
— ಒಬ್ಬ ತಾಯಿ, ಓಹಾಯೋ

ಉತ್ತರ (ಅಮೆರಿಕದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ 22 ವರ್ಷ ಪಾಠ ಮಾಡಿ ನಿವೃತ್ತರಾದ ಶಿಕ್ಷಕಿಯಿಂದ):

ಬೇಡ ಅಂತ ಹೇಳಿ. ನನ್ನ ಉತ್ತರ ಅದೇ. ಆದರೆ ನಿಮ್ಮ ಯಜಮಾನರು ಕೇಳಿದ್ದು ತಳ್ಳಿಹಾಕುವ ಮಾತಲ್ಲ. ಟೆಕ್ಸಾಸ್‌ನ ಹ್ಯಾರಲ್ಡ್ ಎಂಬ ಪುಟ್ಟ ಊರಿನ ಶಾಲೆ 2008ರಲ್ಲಿ ದೇಶಕ್ಕೆಲ್ಲ ಸುದ್ದಿಯಾಯಿತು. ಟೀಚರ್‌ಗಳು ಗನ್ ಇಟ್ಟುಕೊಳ್ಳಬಹುದು ಎಂದು ಮೊದಮೊದಲು ಒಪ್ಪಿದ ಶಾಲೆಗಳಲ್ಲಿ ಅದೂ ಒಂದು. ಅಲ್ಲಿನವರು ಕೊಟ್ಟ ಕಾರಣವೂ ಇದೇ, ಶೆರಿಫ್ ಕಚೇರಿ, ಅಂದರೆ ಅಲ್ಲಿನ ಪೊಲೀಸ್ ಕಚೇರಿ, ತುಂಬಾ ದೂರ. ಮಕ್ಕಳ ಮೇಲಿನ ಪ್ರೀತಿಯಿಂದಲೇ ಅವರು ಹಾಗೆ ಯೋಚಿಸಿದ್ದು.

ನಿಮ್ಮ ರಾಜ್ಯದ ಕಥೆಯನ್ನೂ ತಿಳಿದುಕೊಳ್ಳಿ, ಸಭೆಯಲ್ಲಿ ಬೇಕಾಗುತ್ತದೆ. ಬಟ್ಲರ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಮ್ಯಾಡಿಸನ್ ಶಾಲೆಯ ಊಟದ ಹಾಲ್‌ನಲ್ಲಿ 2016ರಲ್ಲಿ 14 ವರ್ಷದ ಹುಡುಗನೊಬ್ಬ ಗುಂಡು ಹಾರಿಸಿದ. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆಮೇಲೆ ಅಲ್ಲಿನ ಬೋರ್ಡ್ ಸಿಬ್ಬಂದಿಗೆ ಗನ್ ಕೊಡಲು ಹೊರಟಿತು. ಕೆಲವು ಅಪ್ಪ ಅಮ್ಮಂದಿರು ಕೋರ್ಟಿಗೆ ಹೋದರು. 2021ರಲ್ಲಿ ಓಹಾಯೋ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಶಾಲೆಯಲ್ಲಿ ಗನ್ ಹಿಡಿಯುವವರಿಗೆ ಪೊಲೀಸರಿಗೆ ಕೊಡುವಷ್ಟೇ, ಅಂದರೆ 700 ಗಂಟೆಗೂ ಜಾಸ್ತಿ ತರಬೇತಿ ಬೇಕು ಅಂದಿತು. ಮರುವರ್ಷವೇ ರಾಜ್ಯ ಸರ್ಕಾರ ಕಾನೂನು ಬದಲಿಸಿತು. ಈಗ ಕಾನೂನು ಕೇಳುವ ತರಬೇತಿ ಹೆಚ್ಚೆಂದರೆ 24 ಗಂಟೆ. ಮೂರು ಹಗಲು ಅಷ್ಟೇ! ಬೋರ್ಡ್ ಬೇಕಿದ್ದರೆ ಹೆಚ್ಚು ಕೇಳಬಹುದು. ನಿಮ್ಮ ಬೋರ್ಡ್ ಎಷ್ಟು ಕೇಳುತ್ತದೆ ಅನ್ನುವುದೇ ನೀವು ಎತ್ತಬೇಕಾದ ಮೊದಲ ಪ್ರಶ್ನೆ.

ತರಬೇತಿ ಇದ್ದವರ ಕೈಯೂ ಆ ಹೊತ್ತಲ್ಲಿ ನಡುಗುತ್ತದೆ. ನ್ಯೂಯಾರ್ಕ್ ಪೊಲೀಸರ 1998ರಿಂದ 2006ರವರೆಗಿನ ದಾಖಲೆ ನೋಡಿದಾಗ, ಎದುರಿನವನೂ ಗುಂಡು ಹಾರಿಸುತ್ತಿದ್ದರೆ ಅವರ ನೂರು ಗುಂಡುಗಳಲ್ಲಿ ಗುರಿ ಮುಟ್ಟಿದ್ದು ಸುಮಾರು 18 ಮಾತ್ರ. ಉಳಿದವು ಎಲ್ಲೋ ಹೋದವು. ಶಾಲೆಯ ಕಾರಿಡಾರಿನಲ್ಲಿ ಆ "ಎಲ್ಲೋ" ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನ ಶಾಲೆಯಲ್ಲಿ ಗುಂಡಿನ ದಾಳಿಗೆ 17 ಜನ ಸತ್ತಾಗ ಶಾಲೆಯ ಕಾವಲಿಗಿದ್ದ ಅಧಿಕಾರಿಯ ಹತ್ತಿರ ಗನ್ ಇತ್ತು. ಅವರು ಹೊರಗೇ ಉಳಿದರು. 2022ರ ಮೇ 24ರಂದು ಟೆಕ್ಸಾಸ್‌ನ ಯುವಾಲ್ಡಿಯ ಶಾಲೆಯಲ್ಲಿ ಅಂಥದೇ ದಾಳಿಗೆ 19 ಮಕ್ಕಳು, ಇಬ್ಬರು ಟೀಚರ್‌ಗಳು ಸತ್ತರು. ಆ ಶಾಲೆಗೆ ಬಂದ ಪೊಲೀಸರು 376 ಮಂದಿ. ಒಳಗೆ ನುಗ್ಗಿ ದಾಳಿ ಮಾಡಿದವನನ್ನು ಹೊಡೆಯಲು 77 ನಿಮಿಷ ಬೇಕಾಯಿತು. ಗನ್ ಹಿಡಿಯುವುದೇ ಕೆಲಸ ಆಗಿರುವವರ ಪಾಡು ಇದು. ಮೂರು ದಿನ ಕಲಿತು ಬಂದ ಕನ್ನಡಕದ ಟೀಚರ್ ಮೇಲೆ ಆ ಭಾರ ಹೊರಿಸುವುದು ನ್ಯಾಯ ಅಲ್ಲ.

ಟೀಚರ್‌ಗೆ ಆ ಹೊತ್ತಿಗೆ ಬೇರೆ ಕೆಲಸ ಇರುತ್ತದೆ. ಅದು ಹೇಗಿರುತ್ತದೆ ಅಂತ ಹೇಳುತ್ತೇನೆ ಕೇಳಿ. ನಮ್ಮ ಶಾಲೆಯಲ್ಲಿ ವರ್ಷಕ್ಕೆ ಹಲವು ಸಲ ಲಾಕ್‌ಡೌನ್ ಡ್ರಿಲ್, ಅಂದರೆ ಗನ್ ಹಿಡಿದವನು ನುಗ್ಗಿದರೆ ಅಡಗಿ ಕೂರುವ ಅಭ್ಯಾಸ, ಆಗುತ್ತಿತ್ತು. ಬಾಗಿಲಿಗೆ ಬೀಗ, ಲೈಟ್ ಆಫ್, ಕಿಟಕಿಗೆ ಪರದೆ. ಕೋಟು ನೇತು ಹಾಕುವ ಮೂಲೆಯಲ್ಲಿ ಇಪ್ಪತ್ತೆರಡು ಮಕ್ಕಳು ಒತ್ತಿಕೊಂಡು ಕೂತಿರುತ್ತಿದ್ದರು. ಒಮ್ಮೆ ಒಬ್ಬ ಹುಡುಗನಿಗೆ ಬಿಕ್ಕಳಿಕೆ ಶುರುವಾಯಿತು. ನಿಲ್ಲುತ್ತಲೇ ಇಲ್ಲ. ಪಕ್ಕದಲ್ಲಿದ್ದ ಹುಡುಗಿ ತನ್ನ ಸ್ವೆಟರ್ ತೋಳನ್ನು ಅವನ ಬಾಯಿಗೆ ಮೆತ್ತಗೆ ಒತ್ತಿ ಹಿಡಿದಳು. ಅವಳಿಗೆ ಆರು ವರ್ಷ. ನಾನು ಅವರಿಬ್ಬರನ್ನೂ ತೊಡೆ ಮೇಲೆ ಎಳೆದುಕೊಂಡು ಬೆನ್ನು ಸವರುತ್ತಾ ಕೂತೆ. ನನ್ನ ಎರಡೂ ಕೈ ಅಲ್ಲೇ ಇದ್ದವು, ಕಣ್ಣೂ ಅಲ್ಲೇ ಇತ್ತು. ಗನ್ ಇದ್ದಿದ್ದರೆ ಕಣ್ಣು ಬಾಗಿಲ ಮೇಲೆ, ಕೈ ಗನ್ ಮೇಲೆ. ಆ ಮಕ್ಕಳಿಗೆ ಯಾರಿರುತ್ತಿದ್ದರು?

ಡ್ರಿಲ್ ಬಿಡಿ, ಮಾಮೂಲಿ ದಿನ ನೆನೆಸಿಕೊಳ್ಳಿ. ಒಂದನೇ ಕ್ಲಾಸಿನ ಮಕ್ಕಳು ಟೀಚರನ್ನು ತಬ್ಬಿಕೊಳ್ಳುವುದು ಸೊಂಟವನ್ನೇ. ಅವರ ಕೈಗೆ ಎಟುಕುವುದು ಅಷ್ಟೇ ಎತ್ತರ. ಗನ್ ಸಿಕ್ಕಿಸುವುದೂ ಅಲ್ಲೇ ಅಲ್ವಾ? ಡೆಸ್ಕಿನಲ್ಲಿ ಬೀಗ ಹಾಕಿ ಇಡುತ್ತೇವೆ ಅಂದರೆ ಬೇಕಾದಾಗ ಕೈಗೆ ಸಿಗುವುದಿಲ್ಲ. ಮೈಮೇಲೆ ಇದ್ದರೆ ಶಾಲಾ ವರ್ಷದ ಸುಮಾರು 180 ದಿನವೂ ಮಕ್ಕಳ ಮಧ್ಯೆ. 2014ರಲ್ಲಿ ಯೂಟಾದ ಒಂದು ಪ್ರಾಥಮಿಕ ಶಾಲೆಯ ಟಾಯ್ಲೆಟ್‌ನಲ್ಲಿ ಟೀಚರೊಬ್ಬರ ಗನ್ ಅಕಸ್ಮಾತ್ ಸಿಡಿದು ಅವರ ಕಾಲಿಗೇ ಗಾಯವಾಯಿತು. ಪಾಕಿಸ್ತಾನದ್ದು ಇನ್ನೂ ಕಷ್ಟದ ಕಥೆ. ಪೇಶಾವರದ ಶಾಲೆಯ ಮೇಲೆ 2014ರ ಡಿಸೆಂಬರ್‌ನಲ್ಲಿ ಉಗ್ರರು ದಾಳಿ ಮಾಡಿ 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದರು. ಆಮೇಲೆ ಆ ಪ್ರಾಂತ್ಯ ಟೀಚರ್‌ಗಳಿಗೆ ಗನ್ ಇಟ್ಟುಕೊಳ್ಳಲು ಬಿಟ್ಟಿತು. ಮರುವರ್ಷ ಸ್ವಾತ್‌ನಲ್ಲಿ ಟೀಚರೊಬ್ಬರ ಕೈಯಲ್ಲಿದ್ದ ಗನ್ ಅಕಸ್ಮಾತ್ ಹಾರಿ ಅವರದೇ ವಿದ್ಯಾರ್ಥಿ ಸತ್ತ.

ಹಾಗಾದರೆ ಸುಮ್ನೆ ಕೂರಬೇಕಾ? ಖಂಡಿತ ಬೇಡ. ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ. ಅಧ್ಯಕ್ಷರನ್ನು ಕಾಯುವ ಇಲ್ಲಿನ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಸೇರಿ ಶಾಲೆಗಳ ಮೇಲಿನ 37 ದಾಳಿಗಳನ್ನು ಕೂಲಂಕಷವಾಗಿ ನೋಡಿದ್ದರು. ಹತ್ತರಲ್ಲಿ ಎಂಟು ಕಡೆ, ದಾಳಿ ಮಾಡುವ ಯೋಚನೆ ಮೊದಲೇ ಇನ್ನೊಬ್ಬರಿಗಾದರೂ ಗೊತ್ತಿತ್ತು. ಹೆಚ್ಚಿನ ಸಲ ಅದು ಗೆಳೆಯನಿಗೋ ಸಹಪಾಠಿಗೋ ತಿಳಿದಿತ್ತು. ಮೂರರಲ್ಲಿ ಎರಡು ಕಡೆ ಗನ್ ಬಂದದ್ದು ಸ್ವಂತ ಮನೆಯಿಂದ ಅಥವಾ ನೆಂಟರ ಮನೆಯಿಂದ. ತಡೆಯುವ ಜಾಗ ಇವೇ ಎರಡು. ಗೊತ್ತಿರುವ ಮಗು ಬಂದು ಬಾಯಿ ಬಿಡುವುದು ತಾನು ನಂಬಿದ ಟೀಚರ್ ಹತ್ತಿರ. ಆ ಟೀಚರ್ ಸೊಂಟದಲ್ಲಿ ಗನ್ ಇದ್ದರೆ, "ನನ್ನ ಫ್ರೆಂಡ್ ಯಾಕೋ ಸರಿ ಇಲ್ಲ" ಅಂತ ಹೇಳಲು ಬಂದ ಮಗು ಬಾಗಿಲಲ್ಲೇ ಹಿಂದೆ ಮುಂದೆ ನೋಡುತ್ತದೆ. ಇದು ನನ್ನ ದೊಡ್ಡ ಭಯ.

ಮನೆಯ ಗನ್ ವಿಷಯಕ್ಕೆ ಮಿಶಿಗನ್‌ನ ಆಕ್ಸ್‌ಫರ್ಡ್ ಸಾಕ್ಷಿ. 2021ರಲ್ಲಿ ಅಲ್ಲಿನ ಶಾಲೆಯಲ್ಲಿ ಹುಡುಗನೊಬ್ಬ ಗುಂಡು ಹಾರಿಸಿ ನಾಲ್ಕು ವಿದ್ಯಾರ್ಥಿಗಳು ಸತ್ತರು. ಹುಡುಗನ ಕೈಗೆ ಸಿಕ್ಕ ಗನ್ ಅವನಪ್ಪ ಕೆಲವೇ ದಿನ ಮುಂಚೆ ಕೊಂಡಿದ್ದು. 2024ರಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಜೈಲಾಯಿತು.

ಅದಕ್ಕೇ, ಮಗ ಆಟಕ್ಕೆ ಹೋಗುವ ಮನೆಯವರನ್ನು ಕೇಳಿ: "ನಿಮ್ಮ ಮನೆಯಲ್ಲಿ ಗನ್ ಇದೆಯಾ? ಬೀಗ ಹಾಕಿ ಇಟ್ಟಿದ್ದೀರಾ?" ನಮ್ಮವರಿಗೆ ಸಂಕೋಚ, ನನಗೂ ಮೊದಮೊದಲು ನಾಲಿಗೆ ಏಳುತ್ತಿರಲಿಲ್ಲ. ಆದರೆ ಇಲ್ಲಿನ ಮಕ್ಕಳ ಡಾಕ್ಟರುಗಳೇ ಕೇಳಿ ಅಂತಾರೆ. ಕಡಲೆಕಾಯಿ ಅಲರ್ಜಿ ಇದೆ ಅಂತ ಹೇಳುವಷ್ಟೇ ಸಹಜವಾಗಿ ಕೇಳಿ.

ಬೋರ್ಡ್ ಸಭೆಗೆ ತಪ್ಪದೆ ಹೋಗಿ. ವೀಸಾದಲ್ಲಿದ್ದೀವಿ, ಓಟಿಲ್ಲ, ನಮಗೇಕೆ ಅಂತ ನಮ್ಮ ಎಷ್ಟೋ ಕುಟುಂಬಗಳು ಮನೆಯಲ್ಲೇ ಉಳಿದುಬಿಡುತ್ತವೆ. ಆ ಶಾಲೆಯಲ್ಲಿ ನಿಮ್ಮ ಮಗು ಇದೆ, ಅಷ್ಟು ಸಾಕು. ಮಾತಾಡಲು ಹೆಸರು ಬರೆಸುವುದು ಹೇಗೆ ಅಂತ ಮೊದಲೇ ಕಚೇರಿಗೆ ಫೋನ್ ಮಾಡಿ ತಿಳಿದುಕೊಳ್ಳಿ. ಸಿಗುವುದು ಕೆಲವೇ ನಿಮಿಷ, ಬರೆದುಕೊಂಡು ಹೋಗಿ. ಎಷ್ಟು ಗಂಟೆ ತರಬೇತಿ, ಗನ್ ಎಲ್ಲಿರುತ್ತದೆ, ತಪ್ಪಿ ಸಿಡಿದರೆ ಹೊಣೆ ಯಾರದು, ಕೇಳಿ. ಪ್ರತಿ ಕ್ಲಾಸಿನ ಬಾಗಿಲೂ ಒಳಗಿನಿಂದ ಬೀಗ ಬೀಳುತ್ತದಾ ಅಂತಲೂ ಕೇಳಿ. ಯುವಾಲ್ಡಿಯಲ್ಲಿ 111ನೇ ಕೋಣೆಯ ಬೀಗ ಸರಿ ಇಲ್ಲ ಅನ್ನುವುದು ಶಾಲೆಯವರಿಗೆ ಮೊದಲೇ ಗೊತ್ತಿತ್ತು. ಯಾರೂ ರಿಪೇರಿ ಮಾಡಿಸಿರಲಿಲ್ಲ. ಕೌನ್ಸೆಲರ್ ಎಷ್ಟು ಜನ ಇದ್ದಾರೆ, ವಾರಕ್ಕೆ ಎಷ್ಟು ದಿನ ಬರುತ್ತಾರೆ, ಅದನ್ನೂ ಬಿಡಬೇಡಿ. ಪೊಲೀಸ್ ದೂರ ಅನ್ನುವುದೇ ಚಿಂತೆಯಾದರೆ, ಪೂರ್ತಿ ತರಬೇತಿ ಇರುವ ಒಬ್ಬ ಅಧಿಕಾರಿಯನ್ನು ಶಾಲೆಗೇ ಕೊಡಿ ಅಂತ ಬೋರ್ಡ್ ಕೌಂಟಿಯನ್ನು ಕೇಳಲಿ. ಅದಕ್ಕೆ ದುಡ್ಡು ಬೇಕು, ನಿಜ. ಟೀಚರ್‌ಗೆ ಗನ್ ಕೊಡುವುದು ಅಗ್ಗ, ಎಷ್ಟೋ ಕಡೆ ಅದರ ಕಡೆಗೆ ವಾಲುವುದಕ್ಕೆ ಅದೂ ಒಂದು ಕಾರಣ.

ಇನ್ನು ಮಗನಿಗೆ ಸುಳ್ಳು ಹೇಳಬೇಡಿ. "ಈಗ ಇಲ್ಲ ಪುಟ್ಟಾ. ಬೇಡ ಅಂತ ಹೇಳೋಕೆ ಅಮ್ಮ ಮೀಟಿಂಗಿಗೆ ಹೋಗ್ತಿದ್ದೀನಿ" ಅನ್ನಿ. ಆಮೇಲೆ, "ನಿಂಗೆ ಭಯ ಆದ್ರೆ ಸ್ಕೂಲಲ್ಲಿ ಯಾರ ಹತ್ರ ಹೇಳ್ಕೋತೀಯಾ?" ಅಂತ ಕೇಳಿ. ಅವನು ತಡವರಿಸದೆ ಒಂದು ಹೆಸರು ಹೇಳಿದರೆ ಆ ಟೀಚರ್‌ಗೆ ಒಂದು ಥ್ಯಾಂಕ್ಸ್ ಚೀಟಿ ಬರೆದು ಕಳಿಸಿ. ಹೇಳದಿದ್ದರೆ ಬೋರ್ಡ್ ಸಭೆಗೂ ಮುಂಚೆ ಅವನ ಕ್ಲಾಸ್ ಟೀಚರನ್ನು ಹೋಗಿ ಮಾತಾಡಿಸಿ.